ಸರ್ವಿಸ್ ರಸ್ತೆಗೆ ಎಂಪಿಯನ್ನು ಹಿಡಿಯಬೇಕಾ, ಎಂಎಲ್‌ಎಯನ್ನಾ?

ಪ್ರಶ್ನೆ: ನಮ್ಮದು ಉಡುಪಿ ಜಿಲ್ಲೆ, ಕಾಪು ವಿಧಾನಸಭಾ ಕ್ಷೇತ್ರದ ಕಡಲ ಬದಿಯ ಊರು. ರಾಷ್ಟ್ರೀಯ ಹೆದ್ದಾರಿ 66 ಊರನ್ನು ಎರಡು ಹೋಳು ಮಾಡಿದೆ. ಶಾಲೆ ಪೂರ್ವಕ್ಕೆ, ಹೆಚ್ಚಿನ ಮನೆಗಳು ಪಶ್ಚಿಮಕ್ಕೆ. ಸರ್ವಿಸ್ ರಸ್ತೆ ಅರ್ಧಕ್ಕೇ ನಿಂತಿದೆ. ಮಕ್ಕಳು, ಮೀನು ಮಾರುವ ಹೆಂಗಸರು ಡಿವೈಡರ್ ಸಂದಿಯಲ್ಲೇ ದಾಟುತ್ತಾರೆ. ಅಪಘಾತ ಆಗುತ್ತಲೇ ಇದೆ. ಇತ್ತ ಪ್ರತಿ ಮಳೆಗಾಲ ಕಡಲ್ಕೊರೆತ. ತೀರದ ರಸ್ತೆ ಯಾವಾಗ ಸಮುದ್ರಪಾಲಾಗುತ್ತದೋ ಗೊತ್ತಿಲ್ಲ. ಒಳರಸ್ತೆಗೆ ದಾರಿದೀಪವೂ ಇಲ್ಲ. ಸಂಸದರ ಕಚೇರಿಗೆ ಎರಡು ಸಲ ಮನವಿ ಕೊಟ್ಟೆವು. ‘ಸಂಬಂಧಪಟ್ಟವರಿಗೆ ಕಳಿಸಿದ್ದೇವೆ’ ಅಂದರು, ಅಷ್ಟೇ. ಟಿವಿ ಹಾಕಿದರೆ ಸಂಸದರು ಲೋಕಸಭೆಯಲ್ಲಿ ದೇಶದ ದೊಡ್ಡ ದೊಡ್ಡ ವಿಷಯ ಮಾತಾಡುತ್ತಿರುತ್ತಾರೆ. ಪಕ್ಕದ ಮನೆಯವರು, ‘ಎಂಪಿಗೆ ವರ್ಷಕ್ಕೆ 5 ಕೋಟಿ ಬರ್ತದೆ ಮಾರಾಯ್ರೆ, ಮನಸ್ಸು ಮಾಡಿದ್ರೆ ಒಂದು ದಿನದ ಕೆಲಸ’ ಅನ್ನುತ್ತಾರೆ. ಇನ್ನೊಬ್ಬರು, ‘ಎಂಪಿ ಕೈಯಲ್ಲಿ ಏನೂ ಇಲ್ಲ, ಎಂಎಲ್‌ಎಯನ್ನು ಹಿಡಿಯಿರಿ’ ಅನ್ನುತ್ತಾರೆ. ಯಾವುದು ನಿಜ? ನಾವು ಏನು ಮಾಡಬೇಕು?

ಉತ್ತರ:

ನಿಮ್ಮ ಸಿಟ್ಟು ನ್ಯಾಯವಾದದ್ದು. ಮಕ್ಕಳು ಹೆದ್ದಾರಿ ದಾಟುವುದನ್ನು ದಿನಾ ನೋಡುವವರಿಗೆ ‘ಕಳಿಸಿದ್ದೇವೆ’ ಅನ್ನುವ ಉತ್ತರ ಸಾಕಾಗುವುದಿಲ್ಲ. ಆದರೆ ನಿಮ್ಮ ಪತ್ರದಲ್ಲಿ ಮೂರು ಬೇರೆ ಬೇರೆ ಕೆಲಸಗಳಿವೆ. ಹೆದ್ದಾರಿ, ಕಡಲ್ಕೊರೆತ, ದಾರಿದೀಪ. ನಿಮ್ಮ ಮನವಿಯಲ್ಲೂ ಮೂರನ್ನು ಒಟ್ಟಿಗೇ ಬರೆದಿದ್ದೀರಿ ಅಂತ ನನ್ನ ಅಂದಾಜು. ಹಾಗಿದ್ದರೆ ಅದು ಎಲ್ಲಿ ನಿಂತಿದೆ ಅಂತ ನಾನು ಇಲ್ಲಿಂದಲೇ ಹೇಳಬಲ್ಲೆ.

ಸಂಸದರ ಕಚೇರಿಗೆ ಬರುವ ಮನವಿಗಳನ್ನು ಓದಿ, ಅದರಿಂದ ಸಚಿವರಿಗೆ ಪತ್ರ, ಸಂಸತ್ತಿಗೆ ಪ್ರಶ್ನೆ ತಯಾರು ಮಾಡುವ ಕೆಲಸವನ್ನು ನಾನು ಬಹಳ ವರ್ಷ ಮಾಡಿದ್ದೇನೆ. ಟಪಾಲು ಬಿಚ್ಚಿದರೆ ಹೆಚ್ಚಿನ ಮನವಿಗಳು ಒಂದೇ ತರಹ. ಸಂಘದ ಲೆಟರ್‌ಹೆಡ್. ಮೊದಲ ಪ್ಯಾರಾ ಪೂರ್ತಿ ಅಭಿನಂದನೆ. ಕೆಳಗೆ ಹತ್ತು ಹನ್ನೆರಡು ಬೇಡಿಕೆ. ಬಸ್ ತಂಗುದಾಣದಿಂದ ಹಿಡಿದು ರೈಲು ನಿಲುಗಡೆಯವರೆಗೆ. ಸರ್ವೆ ನಂಬರ್ ಇಲ್ಲ, ಕಿಲೋಮೀಟರ್ ಕಲ್ಲಿನ ನಂಬರ್ ಇಲ್ಲ, ಹಿಂದೆ ಕೊಟ್ಟ ಅರ್ಜಿಗೆ ಬಂದ ಹಿಂಬರಹದ ಪ್ರತಿ ಇಲ್ಲ. ಇಂಥದ್ದನ್ನು ಇಟ್ಟುಕೊಂಡು ಯಾವ ಸಚಿವರಿಗೂ ಪತ್ರ ಬರೆಯಲಾಗದು. ಆಗ ‘ಸೂಕ್ತ ಕ್ರಮಕ್ಕಾಗಿ’ ಅಂತ ಷರಾ ಬರೆದು ಜಿಲ್ಲಾಧಿಕಾರಿಗೆ ಕಳಿಸುತ್ತಾರೆ. ಅಲ್ಲಿಂದ ತಹಶೀಲ್ದಾರರಿಗೆ ಅಥವಾ ತಾಲ್ಲೂಕು ಪಂಚಾಯತ್‌ಗೆ. ಅಲ್ಲಿಂದ ನಿಮ್ಮೂರ ಪಿಡಿಒ ಮೇಜಿಗೆ. ನೀವು ಉಡುಪಿಗೆ ಹೋಗಿ ಕೊಟ್ಟ ಕಾಗದ ಊರು ಸುತ್ತಿ ನಿಮ್ಮ ಪಂಚಾಯತ್‌ಗೇ ವಾಪಸ್ ಬಂದಿರುತ್ತದೆ. ಅಲ್ಲಿ ದಾರಿದೀಪಕ್ಕೆ ಉತ್ತರ ಇದೆ. ಹೆದ್ದಾರಿಗೆ ಇಲ್ಲ.

ಇನ್ನು ಆ 5 ಕೋಟಿ. ಈ ಲೆಕ್ಕ ಬಿಡಿಸಿ ಹೇಳಲೇಬೇಕು. ಯಾಕಂದರೆ ಊರೂರಲ್ಲಿ ಈ ಮಾತು ಇದೆ. ಸಂಸದರ ಸ್ಥಳೀಯ ಪ್ರದೇಶಾಭಿವೃದ್ಧಿ ಯೋಜನೆ ಶುರುವಾದದ್ದು 1993ರ ಡಿಸೆಂಬರ್‌ನಲ್ಲಿ. 2011–12ರಿಂದ ಒಬ್ಬ ಸಂಸದರಿಗೆ ವರ್ಷಕ್ಕೆ 5 ಕೋಟಿ. ಈ ದುಡ್ಡು ಸಂಸದರ ಕೈಗೆ ಬರುವುದಿಲ್ಲ. ಅವರು ಕೆಲಸವನ್ನು ಶಿಫಾರಸು ಮಾಡುತ್ತಾರೆ. ಪರಿಶೀಲಿಸಿ ಮಂಜೂರು ಮಾಡುವುದು, ಮಾಡಿಸುವುದು ಜಿಲ್ಲಾಡಳಿತ. ಉಡುಪಿ–ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರಗಳಿವೆ: ಕುಂದಾಪುರ, ಉಡುಪಿ, ಕಾಪು, ಕಾರ್ಕಳ, ಘಟ್ಟದ ಮೇಲೆ ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ. ಸಮನಾಗಿ ಹಂಚಿದರೆ ಒಂದಕ್ಕೆ ವರ್ಷಕ್ಕೆ ಸಿಗುವುದು 62.5 ಲಕ್ಷ. ಅದರಲ್ಲೂ 15% ಪರಿಶಿಷ್ಟ ಜಾತಿ ಮತ್ತು 7.5% ಪರಿಶಿಷ್ಟ ಪಂಗಡದ ಜನ ವಾಸಿಸುವ ಜಾಗಗಳಿಗೆ ಹೋಗಬೇಕು. ಉಳಿದದ್ದರಲ್ಲಿ ಶಾಲೆಗೆ ಒಂದು ಕೋಣೆ, ಕುಡಿಯುವ ನೀರಿನ ಘಟಕ, ಬಸ್ ತಂಗುದಾಣ ಆಗಬಹುದು. ನಿಮ್ಮ ಮಕ್ಕಳಿಗೆ ಬೇಕಾದ ಅಂಡರ್‌ಪಾಸ್, ಅಂದರೆ ಹೆದ್ದಾರಿಯ ಅಡಿಯಿಂದ ದಾಟುವ ದಾರಿ, ಆಗುವುದಿಲ್ಲ. ಅದು ಹಲವು ಕೋಟಿಯ ಕೆಲಸ. ದೇವಸ್ಥಾನ, ಮಸೀದಿ, ಚರ್ಚಿಗೂ ಈ ದುಡ್ಡು ಕೊಡುವಂತಿಲ್ಲ.

(ಬೈಂದೂರು ಕಡೆಯವರು ಒಂದು ವಿಷಯ ನೆನಪಿಡಿ. ನಿಮ್ಮ ಜಿಲ್ಲೆ ಉಡುಪಿ ಆದರೂ ಲೋಕಸಭೆಗೆ ನೀವು ಶಿವಮೊಗ್ಗ ಕ್ಷೇತ್ರ. ಮನವಿ ಅಲ್ಲಿಯ ಸಂಸದರಿಗೇ ಹೋಗಬೇಕು.)

‘ಎಂಪಿ ಕೈಯಲ್ಲಿ ಏನೂ ಇಲ್ಲ’ ಅನ್ನುವುದೂ ಸರಿಯಲ್ಲ. ನಿಮ್ಮ ಮೂರು ಸಮಸ್ಯೆಗಳಲ್ಲಿ ಒಂದಕ್ಕೆ ಸಂಸದರೇ ಮುಖ್ಯ ಬಾಗಿಲು. ಇನ್ನೊಂದಕ್ಕೆ ರಾಜ್ಯ ಸರ್ಕಾರ ಮೊದಲು, ಸಂಸದರು ಆಮೇಲೆ. ಮೂರನೆಯದಕ್ಕೆ ಇಬ್ಬರೂ ಬೇಡ. ದಾರಿದೀಪ ಪಂಚಾಯತ್‌ನ ಕೆಲಸ. ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ, ನಡಾವಳಿಯಲ್ಲಿ ಬರೆಸಿ. ಸಂಸದರಿಗೆ ಕೊಡುವ ಮನವಿಯಿಂದ ಅದನ್ನು ಇವತ್ತೇ ತೆಗೆದುಹಾಕಿ.

ಹೆದ್ದಾರಿ ಕೇಂದ್ರದ್ದು. ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದ ಯೋಜನಾ ನಿರ್ದೇಶಕರ ಕಚೇರಿ ಮಂಗಳೂರಿನಲ್ಲಿದೆ. ಶಾಸಕರು ಅಲ್ಲಿಗೆ ಫೋನ್ ಮಾಡಬಹುದು, ಅಧಿಕಾರಿಗಳು ಮರ್ಯಾದೆಯಿಂದ ಮಾತಾಡಬಹುದು. ಆದರೆ ಶಾಸಕರು ಕೇಳಿದರು ಅಂತ ಅವರು ಲಿಖಿತವಾಗಿ ಉತ್ತರ ಕೊಡಲೇಬೇಕಾದ ವೇದಿಕೆ ವಿಧಾನಸೌಧದಲ್ಲಿ ಇಲ್ಲ. ಆ ವೇದಿಕೆ ಸಂಸತ್ತು.

ಇಲ್ಲಿ ಹೆಚ್ಚಿನವರು ಬಿಟ್ಟುಬಿಡುವ ಒಂದು ಹಂತ ಇದೆ. ನಿಮ್ಮ ಸರ್ವಿಸ್ ರಸ್ತೆ ಅರ್ಧಕ್ಕೆ ನಿಂತದ್ದು ಯಾಕೆ? ಸಾಮಾನ್ಯವಾಗಿ ಮೂರರಲ್ಲಿ ಒಂದು ಕಾರಣ ಇರುತ್ತದೆ. ಒಂದು, ಮೂಲ ಗುತ್ತಿಗೆಯಲ್ಲಿ ರಸ್ತೆ ಪೂರ್ತಿ ಇದೆ, ಗುತ್ತಿಗೆದಾರರು ಮಾಡಿಲ್ಲ. ಎರಡು, ಗುತ್ತಿಗೆಯಲ್ಲಿ ಇರುವುದೇ ಅಷ್ಟು. ಹಾಗಿದ್ದರೆ ‘ಚೇಂಜ್ ಆಫ್ ಸ್ಕೋಪ್’ ಅಂತ ಹೊಸ ಮಂಜೂರಾತಿ ಬೇಕು, ದುಡ್ಡೂ ಹೊಸದು. ಮೂರು, ಜಾಗವೇ ಕೈಗೆ ಸಿಕ್ಕಿಲ್ಲ. ಯಾರದ್ದೋ ಪರಿಹಾರದ ತಕರಾರು, ಇಲ್ಲವೇ ಕೋರ್ಟಿನ ತಡೆಯಾಜ್ಞೆ. ಈ ಮೂರನೆಯದಾದರೆ ದಿಲ್ಲಿಗೆ ಎಷ್ಟು ಬರೆದರೂ ಪ್ರಯೋಜನ ಇಲ್ಲ. ಭೂಸ್ವಾಧೀನದ ಕಡತ ಇರುವುದು ರಾಜ್ಯದ ಅಧಿಕಾರಿಯ ಬಳಿ. ಆಗ ಜಿಲ್ಲಾಧಿಕಾರಿ ಮತ್ತು ಶಾಸಕರೇ ಬೇಕು. ಕಾರಣ ಯಾವುದು ಅಂತ ತಿಳಿಯಲು ಮಾಹಿತಿ ಹಕ್ಕಿನಲ್ಲಿ ಪ್ರಾಧಿಕಾರಕ್ಕೆ ಒಂದು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಕೊಡಬೇಕು. ‘ಇಂಥ ಕಿಲೋಮೀಟರಿನಿಂದ ಇಂಥ ಕಿಲೋಮೀಟರಿನವರೆಗೆ ಒಪ್ಪಂದದಲ್ಲಿ ಸರ್ವಿಸ್ ರಸ್ತೆ ಇದೆಯೇ, ಆಗದಿದ್ದರೆ ಕಾರಣ ಏನು’ ಅಂತ ಮಾತ್ರ ಕೇಳಿ. ಬೇರೆ ಏನೂ ಸೇರಿಸಬೇಡಿ.

ಅಪಘಾತದ ವಿಷಯಕ್ಕೂ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಒಂದು ಅಳತೆ ಇದೆ. ಸುಮಾರು 500 ಮೀಟರ್ ಉದ್ದದಲ್ಲಿ, ಹಿಂದಿನ 3 ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯ ಆದ 5 ಅಪಘಾತಗಳು, ಇಲ್ಲವೇ ಒಟ್ಟು 10 ಸಾವು ಆಗಿದ್ದರೆ ಆ ಜಾಗ ‘ಬ್ಲ್ಯಾಕ್ ಸ್ಪಾಟ್’. ಒಮ್ಮೆ ಆ ಪಟ್ಟಿಗೆ ಸೇರಿದರೆ ಆ ಜಾಗದ ಕೆಲಸಕ್ಕೆ ಬೇರೆಯೇ ದಾರಿ ತೆರೆಯುತ್ತದೆ. ‘ಅಪಘಾತ ಆಗುತ್ತಲೇ ಇದೆ’ ಅಂತ ಬರೆಯುವ ಬದಲು ಪೊಲೀಸ್ ಠಾಣೆಯಿಂದ ಕೇಸುಗಳ ತಾರೀಕು, ಅಪರಾಧ ಸಂಖ್ಯೆ ತೆಗೆದು ಒಂದು ಹಾಳೆಯಲ್ಲಿ ಬರೆಯಿರಿ. ಹತ್ತು ಸಂಘಗಳ ಲೆಟರ್‌ಹೆಡ್‌ಗಿಂತ ಆ ಒಂದು ಹಾಳೆಗೆ ತೂಕ ಜಾಸ್ತಿ.

ಕಡಲ್ಕೊರೆತ ಇನ್ನೂ ಗೋಜಲು. ತಡೆಗೋಡೆ ಹಾಕುವುದು ರಾಜ್ಯದ ಬಂದರು ಇಲಾಖೆ ಮತ್ತು ಜಿಲ್ಲಾಡಳಿತದ ಕೆಲಸ. ಹಾಗಾಗಿ ಇದಕ್ಕೆ ಮೊದಲು ಶಾಸಕರು. ಕಲ್ಲು ಹಾಕಿಸುವ ಮುಂಚೆ ಒಂದು ಮಾತು. ನಮ್ಮ ಕರಾವಳಿಯಲ್ಲಿ ಮರಳು ತೀರದ ಉದ್ದಕ್ಕೂ ಸರಿಯುತ್ತಾ ಇರುತ್ತದೆ. ಎಲ್ಲೋ ಒಂದು ಕಡೆ ಅಳಿವೆಗೆ, ಬಂದರಿಗೆ ಕಲ್ಲಿನ ದಂಡೆ ಕಟ್ಟಿದರೆ ಒಂದು ಬದಿ ಮರಳು ತುಂಬುತ್ತದೆ, ಇನ್ನೊಂದು ಬದಿ ಕೊರೆಯುತ್ತದೆ. ತಡೆಗೋಡೆಯೂ ತನ್ನ ಹಿಂದಿನ ಜಾಗವನ್ನು ಉಳಿಸಿ, ಅದು ಮುಗಿಯುವಲ್ಲಿ ಕೊರೆತವನ್ನು ಹೆಚ್ಚಿಸಬಹುದು. ನಿಮ್ಮ ಊರಿಗೆ ಹಾಕಿದ ಗೋಡೆ ಪಕ್ಕದ ಊರಿಗೆ ಕಷ್ಟ ತರಬಾರದು. ಅದಕ್ಕೇ ಬರೀ ‘ಕಲ್ಲು ಹಾಕಿ’ ಅನ್ನಬೇಡಿ, ‘ಅಧ್ಯಯನ ಮಾಡಿಸಿ ಶಾಶ್ವತ ಕೆಲಸ ಮಾಡಿ’ ಅನ್ನಿ. ಉಳ್ಳಾಲದಲ್ಲಿ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಕೆಲಸ ಆದದ್ದು ಹೀಗೆ ದೊಡ್ಡ ಯೋಜನೆಯಾಗಿ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅನುಮತಿಯೂ ಬೇಕಾಗುತ್ತದೆ.

ಹಾಗಾದರೆ ಇದರಲ್ಲಿ ಸಂಸದರ ಪಾತ್ರ ಎಲ್ಲಿ? ಇಲ್ಲಿಯೇ ದೇಶದ ನೀತಿ ನಿಮ್ಮ ಮನೆ ಬಾಗಿಲಿಗೆ ಬರುವುದು. ವಿಪತ್ತು ಪರಿಹಾರ ನಿಧಿಯ ಹೆಚ್ಚಿನ ದುಡ್ಡು ಸಿಗಬೇಕಾದರೆ ಆ ವಿಪತ್ತು ಕೇಂದ್ರದ ಪಟ್ಟಿಯಲ್ಲಿ ಇರಬೇಕು. 15ನೇ ಹಣಕಾಸು ಆಯೋಗದ ಅವಧಿಯ, ಅಂದರೆ 2021–26ರ ಪಟ್ಟಿಯಲ್ಲಿ 12 ವಿಪತ್ತುಗಳಿದ್ದವು. ಚಂಡಮಾರುತ, ನೆರೆ, ಬರ, ಭೂಕುಸಿತ, ಸುನಾಮಿ, ಹಿಮಪಾತದಿಂದ ಆಗುವ ಕುಸಿತ ಕೂಡ ಇದ್ದವು. ಕಡಲ್ಕೊರೆತ ಇರಲಿಲ್ಲ. ಅದೇ ಆಯೋಗ ನದಿ ಮತ್ತು ಕಡಲ ಕೊರೆತ ತಡೆಯಲು ಬೇರೆಯೇ 1,500 ಕೋಟಿ ರೂಪಾಯಿ ಶಿಫಾರಸು ಮಾಡಿತ್ತು. ಆದರೆ ರಾತ್ರಿ ಬೆಳಗಾಗುವುದರೊಳಗೆ ಮನೆ ಕಳೆದುಕೊಂಡವರ ಪರಿಹಾರದ ಪ್ರಶ್ನೆ ಹೆಚ್ಚಾಗಿ ಆ ಪಟ್ಟಿಗೇ ಅಂಟಿಕೊಂಡಿದೆ. ಇದನ್ನು ಬದಲಿಸಲು ಶಾಸಕರಿಂದ ಆಗದು, ಪಂಚಾಯತ್‌ನಿಂದ ಆಗದು. ಕಡಲ ಬದಿಯ ಸಂಸದರು ದಿಲ್ಲಿಯಲ್ಲಿ ಮಾತಾಡಲೇಬೇಕಾದ ವಿಷಯ ಇದು. ಕೇರಳ, ಗೋವಾ, ಒಡಿಶಾದ ಸಂಸದರನ್ನೂ ಜೊತೆಗೆ ಸೇರಿಸಿಕೊಂಡರೆ ಬಲ ಜಾಸ್ತಿ.

ಅದಕ್ಕೇ ‘ದೇಶದ ವಿಷಯ ಮಾತಾಡುತ್ತಾರೆ, ನಮಗೇನು ಲಾಭ’ ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಮಂಗಳೂರು, ಉಡುಪಿಯವರಿಗೆ ಇದು ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. 1952ರಿಂದ 1965ರಲ್ಲಿ ತೀರಿಕೊಳ್ಳುವವರೆಗೆ ನಮ್ಮ ಸಂಸದರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರನ್ನು ಜನ ಇವತ್ತಿಗೂ ನೆನೆಯುವುದು ಬಂದರು, ಸುರತ್ಕಲ್‌ನ ಎಂಜಿನಿಯರಿಂಗ್ ಕಾಲೇಜು, ಹೆದ್ದಾರಿಗಳಿಗಾಗಿ. ಅವೆಲ್ಲ ದಿಲ್ಲಿಯ ನೀತಿಯೊಳಗೆ ಕೂತು ಆದ ಕೆಲಸಗಳು. ಕೊಂಕಣ ರೈಲ್ವೆ ನಿಗಮ 1990ರಲ್ಲಿ ಹುಟ್ಟಿದಾಗ ರೈಲ್ವೆ ಮಂತ್ರಿ ಆಗಿದ್ದವರು ಮಂಗಳೂರಿನಲ್ಲೇ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಅವರು ಗೆದ್ದು ಬಂದದ್ದು ನಮ್ಮ ಕ್ಷೇತ್ರದಿಂದ ಅಲ್ಲ, ಬಿಹಾರದ ಮುಜಫ್ಫರ್‌ಪುರದಿಂದ.

ಉಲ್ಟಾ ಉದಾಹರಣೆಯೂ, ಅಂದರೆ ದಿಲ್ಲಿಯ ತೀರ್ಮಾನದಿಂದ ನಮ್ಮದು ಕೈತಪ್ಪಿದ್ದೂ, ನಮ್ಮಲ್ಲೇ ಇದೆ. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿತು. ಮರುವರ್ಷ ಅದೇ ದಿನ ಮಣಿಪಾಲದ ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿಗೂ, ಮಂಗಳೂರಿನ ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೂ ಸೇರಿದವು. ಅದಕ್ಕೆ ಹೊಸ ಮಸೂದೆಯೇ ಬೇಕಾಗಲಿಲ್ಲ, ಸರ್ಕಾರದ ಅಧಿಸೂಚನೆ ಸಾಕಾಯಿತು. ಇಂಥ ತೀರ್ಮಾನ ಬರುವ ಮೊದಲು ಸಂಸದರು ಸಮಿತಿಗಳಲ್ಲಿ, ಪ್ರಶ್ನೆಗಳಲ್ಲಿ ಎಚ್ಚರ ಇರಬೇಕು. ಬಂದ ಮೇಲೆ ಮಾತಾಡಿ ಉಪಯೋಗ ಕಮ್ಮಿ. ಮತ ಹಾಕುವ ವಿಷಯ ಬಂದರೆ ವಿಪ್, ಅಂದರೆ ಹೀಗೇ ಮತ ಹಾಕಬೇಕು ಅನ್ನುವ ಪಕ್ಷದ ಆದೇಶ, ಇರುತ್ತದೆ. ಅದನ್ನು ಮೀರಿದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಸದಸ್ಯತ್ವವೇ ಹೋಗಬಹುದು. ಅದಕ್ಕೆ ನಾನು ಯಾವಾಗಲೂ ಹೇಳುವುದು, ಸಂಸದರಿಂದ ಮತಕ್ಕಿಂತ ಹೆಚ್ಚು ಪ್ರಶ್ನೆಗಳನ್ನು ನಿರೀಕ್ಷಿಸಿ.

ಸದನದಲ್ಲಿ ಆಡಿದ ಮಾತು ಊರಿಗೆ ಹೇಗೆ ಉಪಯೋಗ ಆಗುತ್ತದೆ ಅನ್ನುವುದಕ್ಕೆ ಸುರತ್ಕಲ್ ಟೋಲ್‌ಗೇಟ್ ನೋಡಿ. ಒಂದೇ ಹೆದ್ದಾರಿಯಲ್ಲಿ ಎರಡು ಟೋಲ್‌ಗಳ ಮಧ್ಯೆ 60 ಕಿಲೋಮೀಟರ್ ಅಂತರ ಇರಬೇಕು ಅಂತ 2008ರ ಶುಲ್ಕ ನಿಯಮದಲ್ಲಿ ಇತ್ತು. ಸುರತ್ಕಲ್ ದಾಟಿದ ಸ್ವಲ್ಪದರಲ್ಲೇ ಹೆಜಮಾಡಿಯಲ್ಲಿ ಇನ್ನೊಂದು ಟೋಲ್. ಜನ ವರ್ಷಗಟ್ಟಲೆ ಹೋರಾಡಿದರು. 2022ರ ಮಾರ್ಚ್‌ನಲ್ಲಿ ಹೆದ್ದಾರಿ ಸಚಿವ ನಿತಿನ್ ಗಡ್ಕರಿ ಲೋಕಸಭೆಯಲ್ಲಿ, 60 ಕಿಲೋಮೀಟರಿನ ಒಳಗಿರುವ ಎರಡನೇ ಟೋಲ್‌ಗಳನ್ನು ಮೂರು ತಿಂಗಳಲ್ಲಿ ಮುಚ್ಚುತ್ತೇವೆ ಅಂದರು. ಹೋರಾಟಗಾರರು ಆ ಮಾತನ್ನು ಹಿಡಿದುಕೊಂಡರು. ಅಕ್ಟೋಬರ್‌ನಲ್ಲಿ ದೊಡ್ಡ ಪ್ರತಿಭಟನೆ ಆಯಿತು. ಡಿಸೆಂಬರ್ 1ರಿಂದ ಸುರತ್ಕಲ್‌ನಲ್ಲಿ ವಸೂಲಿ ನಿಂತಿತು. ಹೋರಾಟ ಇಲ್ಲದೆ ಆಗುತ್ತಿರಲಿಲ್ಲ. ಆದರೆ ಹೋರಾಟಕ್ಕೆ ನಿಯಮದ ಬಲ, ಸದನದ ದಾಖಲೆಯ ಬಲ ಎರಡೂ ಸಿಕ್ಕಿದ್ದವು.

ಈಗ ನಿಮ್ಮ ಮುಂದಿರುವ ದಾರಿಗಳು.

ಸಂಸದರಿಂದ ಸಚಿವರಿಗೆ ಪತ್ರ ಬರೆಸಬಹುದು. ಸಂಸದರ ಪತ್ರಕ್ಕೆ 15 ದಿನದಲ್ಲಿ ಸ್ವೀಕೃತಿ, ಮುಂದಿನ 15 ದಿನದಲ್ಲಿ ಉತ್ತರ ಕೊಡಬೇಕು ಅಂತ ಕೇಂದ್ರ ಸರ್ಕಾರದ ಕಚೇರಿ ನಿಯಮ ಇದೆ. ಪಾಲನೆ ಎಲ್ಲ ಕಡೆ ಒಂದೇ ತರಹ ಇರುವುದಿಲ್ಲ. ಆದರೂ ಪತ್ರದ ಸಂಖ್ಯೆ, ತಾರೀಕು ನಿಮ್ಮ ಹತ್ತಿರ ಇದ್ದರೆ ನೀವೂ ವಿಚಾರಿಸಬಹುದು. ಸಂಸದರ ಕಚೇರಿಯಲ್ಲಿ ಆ ಪತ್ರದ ಪ್ರತಿ ಕೇಳಿ. ಕೊಡುತ್ತಾರೆ.

‘ದಿಶಾ’ ಸಮಿತಿ ಅಂತ ಒಂದಿದೆ. ಜಿಲ್ಲೆಯಲ್ಲಿ ಕೇಂದ್ರದ ಯೋಜನೆಗಳು ಹೇಗೆ ನಡೆಯುತ್ತಿವೆ ಅಂತ ನೋಡುವ ಸಮಿತಿ. ಸಂಸದರು ಅಧ್ಯಕ್ಷರು, ಜಿಲ್ಲಾಧಿಕಾರಿ ಸದಸ್ಯ ಕಾರ್ಯದರ್ಶಿ, ಮೂರು ತಿಂಗಳಿಗೊಮ್ಮೆ ಸೇರಬೇಕು. ನಿಮ್ಮ ಸಮಸ್ಯೆಗೆ ನನ್ನ ಪ್ರಕಾರ ಇದೇ ಒಳ್ಳೆಯ ಜಾಗ. ಹೆದ್ದಾರಿ ಪ್ರಾಧಿಕಾರ ಮತ್ತು ಜಿಲ್ಲಾಡಳಿತ ಒಂದೇ ಮೇಜಿನ ಸುತ್ತ ಕೂತಿರುತ್ತಾರೆ. ಒಬ್ಬರು ‘ಜಾಗ ಕೊಟ್ಟಿಲ್ಲ’, ಇನ್ನೊಬ್ಬರು ‘ಪ್ರಸ್ತಾವ ಬಂದಿಲ್ಲ’ ಅಂತ ಅಲ್ಲಿ ಹೇಳುತ್ತಾ ಕೂರುವುದು ಕಷ್ಟ. ಸಭೆಗೆ ಎರಡು ವಾರ ಮೊದಲೇ ನಿಮ್ಮ ಒಂದು ಹಾಳೆಯನ್ನು ಸಂಸದರ ಆಪ್ತ ಸಹಾಯಕರಿಗೆ ಕೊಡಿ. ಆಮೇಲೆ ನಡಾವಳಿಯ ಪ್ರತಿ ಕೇಳಿ.

ಇದರಲ್ಲಿ ಆಗದಿದ್ದರೆ ಸಂಸತ್ತಿನ ಪ್ರಶ್ನೆ. ಲೋಕಸಭೆಯಲ್ಲಿ ಒಂದು ದಿನಕ್ಕೆ 20 ಚುಕ್ಕೆ ಗುರುತಿನ ಪ್ರಶ್ನೆ (ಸಚಿವರು ಸದನದಲ್ಲೇ ಬಾಯಿಮಾತಿನಲ್ಲಿ ಉತ್ತರಿಸುವಂಥದ್ದು), 230 ಚುಕ್ಕೆ ಗುರುತಿಲ್ಲದ ಪ್ರಶ್ನೆ ಇರುತ್ತವೆ. ನಿಮಗೆ ಬೇಕಾದದ್ದು ಎರಡನೆಯದು, ಲಿಖಿತ ಉತ್ತರ. ಕನಿಷ್ಠ 15 ದಿನ ಮೊದಲೇ ನೋಟಿಸ್ ಕೊಡಬೇಕು, ಚೀಟಿ ಎತ್ತಿದಾಗ ಬರಬೇಕು. ರಾಜ್ಯದ ವಿಷಯ ಕೇಳಿದರೆ ಸ್ವೀಕರಿಸುವುದೇ ಇಲ್ಲ. ನಿಯಮ 377ರ ಅಡಿ 250 ಪದಗಳೊಳಗೆ ವಿಷಯ ಪ್ರಸ್ತಾಪಿಸಲೂಬಹುದು. ಅದಕ್ಕೆ ಸಚಿವರು ಆಮೇಲೆ ಪತ್ರದಲ್ಲಿ ಉತ್ತರಿಸುತ್ತಾರೆ. ಶೂನ್ಯವೇಳೆಯ, ಅಂದರೆ ಪ್ರಶ್ನೋತ್ತರ ಮುಗಿದ ಮೇಲೆ ತುರ್ತು ವಿಷಯ ಎತ್ತುವ ಹೊತ್ತಿನ, ಮಾತು ಪೇಪರಿನಲ್ಲಿ ಚೆನ್ನಾಗಿ ಬರುತ್ತದೆ, ಆದರೆ ಸಚಿವರು ಅಲ್ಲೇ ಉತ್ತರಿಸಬೇಕೆಂದಿಲ್ಲ. ನಿಮ್ಮ ಸಂಸದರು ಮುಂದೆ ಯಾವಾಗಾದರೂ ಕೇಂದ್ರ ಸಚಿವರಾದರೆ ಅವರು ಪ್ರಶ್ನೆ ಕೇಳುವಂತಿಲ್ಲ. ಆಗ ರಾಜ್ಯಸಭೆಯಲ್ಲಿರುವ ಕರ್ನಾಟಕದ 12 ಸದಸ್ಯರಲ್ಲಿ ಒಬ್ಬರನ್ನು ಕೇಳಬಹುದು.

ಪ್ರಶ್ನೆಯಲ್ಲಿ ಒಂದು ಅಪಾಯ ಇದೆ. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ. ‘ಇಂಥ ಊರಿಗೆ ಅಂಡರ್‌ಪಾಸ್ ಕೊಡುವ ಪ್ರಸ್ತಾವ ಇದೆಯೇ?’ ಅಂತ ಅವಸರದಲ್ಲಿ ಕೇಳಿದರೆ, ಕೆಳಗಿನಿಂದ ಕಡತವೇ ಹೋಗಿಲ್ಲದಿದ್ದರೆ, ಉತ್ತರ ‘ಇಲ್ಲ’ ಅಂತ ಬರುತ್ತದೆ. ಅದು ಸಂಸತ್ತಿನ ದಾಖಲೆ. ಮುಂದೆ ಯಾವ ಅಧಿಕಾರಿಯ ಹತ್ತಿರ ಹೋದರೂ ಅದನ್ನೇ ತೆಗೆದು ತೋರಿಸುತ್ತಾರೆ. ಬಾಗಿಲು ತೆರೆಯಲು ಕೇಳಿದ ಪ್ರಶ್ನೆಯೇ ಬಾಗಿಲು ಹಾಕಿಬಿಡುತ್ತದೆ. ಅದಕ್ಕೆ ಮೊದಲು ಮಾಹಿತಿ ಹಕ್ಕಿನ ಉತ್ತರ, ದಿಶಾ ನಡಾವಳಿ ಕೈಯಲ್ಲಿ ಇರಲಿ. ಆಮೇಲೆ ‘ಈ ವಿಭಾಗದಲ್ಲಿ ಗುರುತಿಸಿದ ಬ್ಲ್ಯಾಕ್ ಸ್ಪಾಟ್‌ಗಳು ಎಷ್ಟು, ಪ್ರತಿಯೊಂದಕ್ಕೂ ಏನು ಕೆಲಸ, ಎಂದು ಮುಗಿಯುತ್ತದೆ’ ಅಂತ ಕೇಳಿಸಿ. ಇದಕ್ಕೆ ‘ಇಲ್ಲ’ ಅನ್ನಲಾಗುವುದಿಲ್ಲ. ಉತ್ತರದಲ್ಲಿ ಸಚಿವರು ‘ಪರಿಶೀಲಿಸುತ್ತೇವೆ’ ಅಂದರೆ ಅದನ್ನು ಭರವಸೆ ಅಂತ ಪರಿಗಣಿಸುವ ಕ್ರಮ ಇದೆ. ಹಾಗೆ ಪರಿಗಣಿಸಿದರೆ 3 ತಿಂಗಳಲ್ಲಿ ಈಡೇರಿಸಬೇಕು, ಇಲ್ಲದಿದ್ದರೆ ಸದನದ ಭರವಸೆಗಳ ಸಮಿತಿ ವಿಚಾರಿಸುತ್ತದೆ.

ಪ್ರತಿಭಟನೆಯೂ ನಿಮ್ಮ ಹಕ್ಕು. ಆದರೆ ಹೆದ್ದಾರಿ ತಡೆದರೆ ಕೇಸು ಬೀಳುತ್ತದೆ. ಊರಿನ ಹುಡುಗರು ಕೆಲಸಕ್ಕೆ, ಪಾಸ್‌ಪೋರ್ಟಿಗೆ ಅರ್ಜಿ ಹಾಕುವ ವಯಸ್ಸಿನವರು. ಅದನ್ನು ಯೋಚಿಸಿ, ಅನುಮತಿ ಪಡೆದು ಬದಿಯಲ್ಲಿ ಕೂರಿ. ಪಕ್ಷದ ಬಾವುಟ ದೂರ ಇಡಿ. ಶಾಸಕರು, ಸಂಸದರು ಬೇರೆ ಬೇರೆ ಪಕ್ಷದವರಾದರೆ ಒಬ್ಬರ ಹೆಸರು ಬಂದ ಕೂಡಲೇ ಇನ್ನೊಬ್ಬರು ಹಿಂದೆ ಸರಿಯುವುದನ್ನು ನಾನು ನೋಡಿದ್ದೇನೆ. ಇಬ್ಬರಿಗೂ ಒಂದೇ ದಿನ ಕೊಡಿ, ಇಬ್ಬರಿಗೂ ಅವರವರ ಕೆಲಸ ಮಾತ್ರ ಬರೆದು ಕೊಡಿ.

ಅಂಡರ್‌ಪಾಸ್ ಬರಲು ವರ್ಷಗಳು ಹಿಡಿಯುತ್ತವೆ. ಅಲ್ಲಿಯವರೆಗೆ ಮಕ್ಕಳು ದಾಟಲೇಬೇಕಲ್ವಾ? ಶಾಲೆ ಬಿಡುವ ಹೊತ್ತಿಗೆ ಪೊಲೀಸ್ ಅಥವಾ ಹೋಂಗಾರ್ಡ್, ವೇಗ ಇಳಿಸುವ ಬ್ಯಾರಿಕೇಡ್, ದಾಟುವ ಜಾಗಕ್ಕೆ ದೀಪ, ಮಿನುಗುವ ಸಿಗ್ನಲ್. ಇವುಗಳಿಗೆ ದಿಲ್ಲಿಯ ಮಂಜೂರಾತಿಗಾಗಿ ಕಾಯಬೇಕಿಲ್ಲ. ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು, ಎಸ್‌ಪಿಯೂ ಇರುತ್ತಾರೆ. ಶಾಲೆಯ ಮುಖ್ಯ ಶಿಕ್ಷಕರ ಸಹಿ ಹಾಕಿಸಿ, ಈ ವಾರವೇ ಆ ಸಮಿತಿಗೆ ಪತ್ರ ಕೊಡಿ. ಮಾಹಿತಿ ಹಕ್ಕಿನ ಅರ್ಜಿಯನ್ನೂ ಅದೇ ದಿನ ಹಾಕಿ. ಮಳೆಗಾಲದ ಅಧಿವೇಶನ ಸಾಮಾನ್ಯವಾಗಿ ಜುಲೈಯಲ್ಲಿ, ಚಳಿಗಾಲದ್ದು ನವೆಂಬರ್ ಕೊನೆಗೆ ಅಥವಾ ಡಿಸೆಂಬರ್‌ನಲ್ಲಿ ಶುರು. ಅದಕ್ಕೆ ಒಂದೂವರೆ ತಿಂಗಳು ಮೊದಲು ನಿಮ್ಮ ಕಾಗದಗಳು ಸಂಸದರ ಕಚೇರಿ ಸೇರಿರಲಿ. ಮಾಹಿತಿ ಹಕ್ಕಿನ ಉತ್ತರ ಬಂದ ಮೇಲೆ ನನಗೂ ಒಂದು ಪ್ರತಿ ಕಳಿಸಿ. ಪ್ರಶ್ನೆಯ ಕರಡು ಬರೆಯಲು ನಾನು ಸಹಾಯ ಮಾಡುತ್ತೇನೆ.